ಬಾಡಿಗೆದಾರರು ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದ್ದಾರೆ, ಕೌನ್ಸಿಲ್‌ನಿಂದ ಲೈಸೆನ್ಸ್ ಪತ್ರವೂ ಬಂದಿದೆ: ಮನೆ ಮಾಲೀಕನಾಗಿ ನಾನೇನು ಮಾಡಬೇಕು?

ಮಿಡ್‌ಲ್ಯಾಂಡ್ಸ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟಿರುವವರು ಇಲ್ಲಿ ಹಲವರಿದ್ದೀರಿ ಎಂಬ ಧೈರ್ಯದಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಮಿಡ್‌ಲ್ಯಾಂಡ್ಸ್‌ನ ಊರೊಂದರಲ್ಲಿ ನಮ್ಮದು ಮೂರು ಮಲಗುವ ಕೋಣೆಗಳ ಮನೆಯಿದೆ. ಕೆಲಸದ ನಿಮಿತ್ತ ನಾವು ಬೇರೆ ಊರಿಗೆ ಬಂದಾಗ, 2021ರ ಸೆಪ್ಟೆಂಬರಿನಲ್ಲಿ, ಅದನ್ನು ಒಂದು ಕುಟುಂಬಕ್ಕೆ ತಿಂಗಳಿಗೆ 950 ಪೌಂಡ್‌ನಂತೆ ಕೊಟ್ಟೆವು. ಗಂಡ, ಹೆಂಡತಿ, ಈಗ ಏಳು ವರ್ಷದ ಮಗ ಮತ್ತು ನಾಲ್ಕು ವರ್ಷದ ಮಗಳು. ಇಷ್ಟು ವರ್ಷಗಳಲ್ಲಿ ಒಂದು ತಿಂಗಳೂ ಬಾಡಿಗೆ ತಡ ಮಾಡಿದವರಲ್ಲ. ಕಳೆದ ತಿಂಗಳು ಯಜಮಾನರ ಕೆಲಸ ಹೋಗಿದೆ. ಹೆಂಡತಿಗೆ ಅರೆಕಾಲಿಕ ಕೆಲಸವಷ್ಟೇ ಇದೆ. ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವಿಗೆ, ಅರ್ಜಿ ಹಾಕಿರುವುದಾಗಿಯೂ ಮೊದಲ ಹಣ ಬರುವವರೆಗೆ ಸ್ವಲ್ಪ ಸೈರಿಸಿಕೊಳ್ಳಬೇಕೆಂದೂ ಅವರು ಫೋನಿನಲ್ಲಿ ಬಹಳ ಸಂಕೋಚದಿಂದ ಕೇಳಿದರು.

ಅದೇ ವಾರ ಕೌನ್ಸಿಲ್‌ನಿಂದ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಿಂದ, ಪತ್ರ ಬಂತು. ನಮ್ಮ ಮನೆಯಿರುವ ಬೀದಿ ಈಗ ಸೆಲೆಕ್ಟಿವ್ ಲೈಸೆನ್ಸಿಂಗ್ ಪ್ರದೇಶಕ್ಕೆ ಸೇರಿದೆಯಂತೆ, ಒಂದೇ ಕುಟುಂಬ ವಾಸವಿದ್ದರೂ ಮಾಲೀಕರು ಲೈಸೆನ್ಸ್ ಪಡೆಯಲೇಬೇಕಂತೆ. ಜೊತೆಗೆ ಗ್ಯಾಸ್, ವಿದ್ಯುತ್, ಅಲಾರಂ, ಠೇವಣಿ ಎಂದು ಮಾರ್ಗದರ್ಶಿಯ ಹಲವು ಪುಟಗಳಿವೆ.

ನನ್ನ ಸಂದೇಹಗಳು ಇವು. ಬಾಡಿಗೆಯ ಪೂರ್ತಿ ಮೊತ್ತ ಅವರಿಗೆ ನೆರವಾಗಿ ಸಿಗುತ್ತದೆಯೇ? ಅದು ನೇರವಾಗಿ ನನ್ನ ಖಾತೆಗೆ ಬರುವಂತೆ ಮಾಡಬಹುದೇ? ಲೈಸೆನ್ಸಿಗೂ ಈ ನೆರವಿಗೂ ಏನಾದರೂ ಸಂಬಂಧವಿದೆಯೇ? ನಮ್ಮ ಭಾವಮೈದುನ ಮಾತ್ರ, 2026ರ ಮೇ 1ಕ್ಕೆ ಹೊಸ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಜಾರಿಗೆ ಬರುವ ಮುನ್ನವೇ, ಕಾರಣ ಹೇಳದೆ ಮನೆ ಬಿಡಿಸುವ ಸೆಕ್ಷನ್ 21 ನೋಟಿಸ್ ಕೊಟ್ಟು ಮನೆ ಖಾಲಿ ಮಾಡಿಸಿಕೋ ಎನ್ನುತ್ತಿದ್ದಾನೆ. ನನಗೆ ಅದು ಮನಸ್ಸಿಗೆ ಒಗ್ಗುತ್ತಿಲ್ಲ.

ಕಡತ ಕಾಯುವವಳು:

ನಮಸ್ಕಾರ ಸಾರ್. ನಾನು ಕೆಲವು ವರ್ಷ ಒಂದು ಕೌನ್ಸಿಲ್‌ನ ನೆರವು ವಿಭಾಗದಲ್ಲಿ ಕೆಲಸ ಮಾಡಿದವಳು, ಆದ್ದರಿಂದ ಹಣದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ.

ಹಿಂದೆ ಹೌಸಿಂಗ್ ಬೆನಿಫಿಟ್ ಎಂಬ ಬಾಡಿಗೆ ನೆರವು ಕೊಡುತ್ತಿದ್ದದ್ದು ಕೌನ್ಸಿಲ್. ದುಡಿಯುವ ವಯಸ್ಸಿನವರು ಈಗ ಹೊಸದಾಗಿ ಅರ್ಜಿ ಹಾಕುವುದು ಸಾಮಾನ್ಯವಾಗಿ ಯೂನಿವರ್ಸಲ್ ಕ್ರೆಡಿಟ್‌ಗೆ. ಅದು ಕೇಂದ್ರ ಸರ್ಕಾರದ ಇಲಾಖೆಯ ಕೆಲಸ, ಕೌನ್ಸಿಲ್‌ಗೆ ಅದರಲ್ಲಿ ಕೈಯಿಲ್ಲ. ಆದ್ದರಿಂದ ಬಾಡಿಗೆ ಹಣ ಏಕೆ ಬಂದಿಲ್ಲ ಎಂದು ಕೌನ್ಸಿಲ್ ಕಚೇರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಆದರೂ ದಿನವೂ ಅಂಥ ಕರೆಗಳು ಬರುತ್ತಿದ್ದವು. ಕೌನ್ಸಿಲ್ ಬಳಿ ಉಳಿದಿರುವುದು ಪಿಂಚಣಿ ವಯಸ್ಸಿನವರ ಹೌಸಿಂಗ್ ಬೆನಿಫಿಟ್, ತಾತ್ಕಾಲಿಕ ವಸತಿಯಂಥ ಕೆಲವು ಪ್ರಕರಣಗಳು, ಮತ್ತು ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ರಿಯಾಯಿತಿ. ಈ ಕೊನೆಯದನ್ನು ನಿಮ್ಮ ಬಾಡಿಗೆದಾರರಿಗೆ ಇವತ್ತೇ ಹೇಳಿ. ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದರೆ ಟ್ಯಾಕ್ಸ್ ರಿಯಾಯಿತಿಯೂ ತಾನಾಗಿಯೇ ಸಿಗುತ್ತದೆ ಎಂದು ನಂಬಿ ಕುಳಿತು, ಆಮೇಲೆ ಟ್ಯಾಕ್ಸ್ ಬಾಕಿ ಕಟ್ಟಲು ಬಾಡಿಗೆಯ ದುಡ್ಡಿಗೆ ಕೈಹಾಕಿದ ಕುಟುಂಬಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೆ ಕೌನ್ಸಿಲ್‌ನಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು.

ಇನ್ನು ಮೊತ್ತ. ಖಾಸಗಿ ಮನೆಯಲ್ಲಿರುವವರಿಗೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಸಿಗುವ ಬಾಡಿಗೆ ಭಾಗಕ್ಕೆ ಲೋಕಲ್ ಹೌಸಿಂಗ್ ಅಲವನ್ಸ್ ಎಂಬ ಮೇಲ್ಮಿತಿಯಿದೆ. ಆ ಪ್ರದೇಶದ ಖಾಸಗಿ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ ನೂರರಲ್ಲಿ ಮೂವತ್ತನೆಯ ಸ್ಥಾನದಲ್ಲಿ ಯಾವ ಬಾಡಿಗೆ ಬರುತ್ತದೆಯೋ ಅದರ ಆಧಾರದ ಮೇಲೆ ಈ ದರವನ್ನು ನಿಗದಿ ಮಾಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಅದನ್ನು ಹೆಚ್ಚಿಸಿದ ಮೇಲೆ ಮತ್ತೆ ಅಲ್ಲೇ ನಿಲ್ಲಿಸಿದ್ದಾರೆ, ಬಾಡಿಗೆಗಳು ಮಾತ್ರ ನಿಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ದರವನ್ನು ಲೆಕ್ಕ ಹಾಕುವುದು ನಿಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು ನೋಡಿ ಅಲ್ಲ, ಆ ಕುಟುಂಬಕ್ಕೆ ಎಷ್ಟು ಕೋಣೆ ಬೇಕು ಎಂದು ನೋಡಿ. ದಂಪತಿಗೆ ಒಂದು ಕೋಣೆ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳು, ಹುಡುಗ ಹುಡುಗಿಯಾದರೂ, ಒಂದೇ ಕೋಣೆಯಲ್ಲಿ ಮಲಗುತ್ತಾರೆಂದೇ ಲೆಕ್ಕ. ಹೀಗಾಗಿ ನಿಮ್ಮದು ಮೂರು ಕೋಣೆಯ ಮನೆಯಾದರೂ ಅವರಿಗೆ ಅನ್ವಯವಾಗುವುದು ಎರಡು ಕೋಣೆಯ ದರ. ಮಗನಿಗೆ ಹತ್ತು ತುಂಬಿದಾಗ ಅದು ಮೂರು ಕೋಣೆಗೆ ಏರುತ್ತದೆ. ಆ ದರ 750 ಪೌಂಡ್ ಎಂದಿಟ್ಟುಕೊಳ್ಳಿ, ಉಳಿದ 200 ಪೌಂಡನ್ನು ಅವರು ಹೆಂಡತಿಯ ಸಂಬಳದಿಂದಲೋ ನೆರವಿನ ಉಳಿದ ಭಾಗದಿಂದಲೋ ಹೊಂದಿಸಬೇಕು. ನಿಮ್ಮ ಪ್ರದೇಶದ ನಿಜವಾದ ದರವನ್ನು ಸರ್ಕಾರಿ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಬಹುದು.

ಒಟ್ಟು ನೆರವಿಗೂ ಒಂದು ಮಿತಿಯಿದೆ, ಲಂಡನ್ನಿನ ಹೊರಗಿನ ಕುಟುಂಬಕ್ಕೆ ವರ್ಷಕ್ಕೆ 22,020 ಪೌಂಡ್. ಆದರೆ ಹಿಂದಿನ 12 ತಿಂಗಳೂ ನಿಗದಿತ ಮಟ್ಟಕ್ಕೆ ಕಡಿಮೆಯಿಲ್ಲದಂತೆ ದುಡಿದು ಈಗ ಕೆಲಸ ಕಳೆದುಕೊಂಡವರಿಗೆ 9 ತಿಂಗಳವರೆಗೆ ಆ ಮಿತಿಯನ್ನು ಅನ್ವಯಿಸುವುದಿಲ್ಲ.

ಮೊದಲ ಹಣ ಬರಲು ಸುಮಾರು 5 ವಾರ ಬೇಕು, ಅದರಲ್ಲಿ ನಿಮ್ಮ ಬಾಡಿಗೆದಾರರ ತಪ್ಪೇನೂ ಇಲ್ಲ. ಅವರು ಮುಂಗಡ ಕೇಳಬಹುದು, ಅದನ್ನು ಮುಂದಿನ ಕಂತುಗಳಲ್ಲಿ ಹಿಡಿದುಕೊಳ್ಳುತ್ತಾರೆ. ನೀವು ಮಾಡಬಹುದಾದ ದೊಡ್ಡ ಸಹಾಯವೆಂದರೆ ಕರಾರು ಪತ್ರದ ಪ್ರತಿಯನ್ನೂ ಈಗಿನ ಬಾಡಿಗೆಯನ್ನು ತಿಳಿಸುವ ಒಂದು ಸಹಿ ಮಾಡಿದ ಪತ್ರವನ್ನೂ ತಕ್ಷಣ ಕೊಡುವುದು. ಎಷ್ಟೋ ಅರ್ಜಿಗಳಲ್ಲಿ ಬಾಡಿಗೆ ಭಾಗ ತಡವಾಗುವುದು ಈ ಒಂದು ಕಾಗದಕ್ಕಾಗಿ.

ನೇರ ಪಾವತಿಯ ವಿಷಯ: ಸಾಮಾನ್ಯ ನಿಯಮದಂತೆ ಹಣ ಬಾಡಿಗೆದಾರರ ಖಾತೆಗೇ ಹೋಗುತ್ತದೆ. ಎರಡು ತಿಂಗಳ ಬಾಡಿಗೆ ಬಾಕಿಯಾದರೆ, ಅಥವಾ ಮತ್ತೆ ಮತ್ತೆ ಕಡಿಮೆ ಕಟ್ಟಿ ಒಂದು ತಿಂಗಳ ಬಾಡಿಗೆಯಷ್ಟು ಬಾಕಿ ಬೆಳೆದರೆ, ಮಾಲೀಕರು ಇಲಾಖೆಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಬಾಡಿಗೆ ಭಾಗವನ್ನು ತಮಗೆ ನೇರವಾಗಿ ಕಳುಹಿಸಲು ಕೇಳಬಹುದು. ಹಣ ನಿಭಾಯಿಸುವುದು ಕಷ್ಟವೆಂದು ಬಾಡಿಗೆದಾರರೇ ತಮ್ಮ ಆನ್‌ಲೈನ್ ಖಾತೆಯಲ್ಲಿ ಬರೆದು ಕೇಳಿಕೊಳ್ಳುವುದಕ್ಕೂ ಅವಕಾಶವಿದೆ. ನಾಲ್ಕು ವರ್ಷ ತಪ್ಪದೆ ಕಟ್ಟಿದವರ ವಿಷಯದಲ್ಲಿ ಮೊದಲ ದಿನವೇ ಇದನ್ನು ಎತ್ತುವುದು ನನಗೇನೋ ಸರಿಕಾಣದು.

ಹಳೇ ಮಾಲೀಕ:

ಮೇಡಂ ಹೇಳಿದ್ದೆಲ್ಲ ಕಾಗದದ ಮೇಲೆ ಸರಿ. ನನ್ನ ಅನುಭವ ಬೇರೆ. ಹೌಸಿಂಗ್ ಬೆನಿಫಿಟ್ ಕಾಲದಲ್ಲಿ ಹಣ ನೇರವಾಗಿ ನನಗೇ ಬರುತ್ತಿತ್ತು, ನೆಮ್ಮದಿಯಾಗಿದ್ದೆ. ಬಾಡಿಗೆದಾರ ತನಗೆ ಕೆಲಸ ಸಿಕ್ಕಿದ್ದನ್ನು ತಿಳಿಸಿರಲಿಲ್ಲ. ಹೆಚ್ಚಾಗಿ ಬಂದ ಹಣವನ್ನು ಕೌನ್ಸಿಲ್ ಕೊನೆಗೆ ನನ್ನಿಂದಲೇ ವಸೂಲು ಮಾಡಿತು. ಅಷ್ಟರಲ್ಲಿ ಆತ ಮನೆ ಬಿಟ್ಟು ಹೋಗಿದ್ದ. ಅಂದಿನಿಂದ ನೆರವಿನ ಮೇಲಿರುವವರಿಗೆ ನಾನು ಮನೆ ಕೊಡುವುದಿಲ್ಲ. ಅದು ನನ್ನ ಸ್ವತ್ತು, ಯಾರಿಗೆ ಕೊಡಬೇಕೆಂಬುದು ನನ್ನ ಇಷ್ಟ. ಭಾವಮೈದುನ ಹೇಳಿದ್ದರಲ್ಲಿ ತಪ್ಪೇನಿದೆ?

ಉತ್ತರದ ಊರಿನವ:

ಹಳೇ ಮಾಲೀಕರೇ, ನಿಮಗಾದ ನಷ್ಟ ನಿಜ, ಮಾಲೀಕರಿಂದ ವಸೂಲು ಮಾಡುವ ಅಧಿಕಾರ ಹೌಸಿಂಗ್ ಬೆನಿಫಿಟ್ ನಿಯಮಗಳಲ್ಲಿ ಇದೆ. ಆದರೆ ‘ನೆರವಿನವರಿಗೆ ಕೊಡುವುದಿಲ್ಲ’ ಎಂಬ ಮಾತನ್ನು ಬಹಿರಂಗವಾಗಿ ಬರೆಯಬೇಡಿ. 2020ರ ಜುಲೈನಲ್ಲೇ ಯಾರ್ಕ್‌ನ ಕೌಂಟಿ ಕೋರ್ಟ್, ಇಂಥ ಸಾರಾಸಗಟು ನಿಷೇಧವು 2010ರ ಸಮಾನತಾ ಕಾಯ್ದೆಗೆ ವಿರುದ್ಧವಾದ ಪರೋಕ್ಷ ತಾರತಮ್ಯವೆಂದು ತೀರ್ಮಾನಿಸಿತು. ನೆರವು ಪಡೆಯುವವರಲ್ಲಿ ಮಹಿಳೆಯರು ಮತ್ತು ಅಂಗವಿಕಲರ ಪ್ರಮಾಣ ಹೆಚ್ಚು ಎಂಬುದು ಅದರ ಹಿಂದಿನ ತರ್ಕ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಂತೂ ನೆರವು ಪಡೆಯುತ್ತಾರೆಂಬ ಕಾರಣಕ್ಕೆ, ಅಥವಾ ಮಕ್ಕಳಿದ್ದಾರೆಂಬ ಕಾರಣಕ್ಕೆ, ಮನೆ ನಿರಾಕರಿಸುವುದನ್ನು ನೇರವಾಗಿಯೇ ನಿಷೇಧಿಸುತ್ತದೆ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂದು ಲೆಕ್ಕ ನೋಡಬಹುದು, ಆದರೆ ಆ ಲೆಕ್ಕಕ್ಕೆ ನೆರವಿನ ಹಣವನ್ನೂ ಸೇರಿಸಿಕೊಳ್ಳಬೇಕು. ಜಾಹೀರಾತುಗಳಲ್ಲಿ ‘ಡಿಎಸ್ಎಸ್‌ನವರು (ಸಾಮಾಜಿಕ ಭದ್ರತಾ ಇಲಾಖೆಯ ನೆರವು ಪಡೆಯುವವರು) ಬೇಡ’ ಎಂದು ಬರೆಯುತ್ತಿದ್ದರಲ್ಲ, ಆ ಹೆಸರಿನ ಇಲಾಖೆ 2001ರಲ್ಲೇ ಇಲ್ಲವಾಯಿತು. ಬೈಗುಳ ಮಾತ್ರ ಉಳಿಯಿತು.

ಈಗ ಮೂಲ ಪ್ರಶ್ನೆಗೆ. ಲೈಸೆನ್ಸಿಗೂ ನೆರವಿಗೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಇದೆ, ಮತ್ತು ನೀವು ಊಹಿಸಿರದ ದಾರಿಯಲ್ಲಿ ಇದೆ. 2004ರ ವಸತಿ ಕಾಯ್ದೆಯಡಿ ಒಂದು ಪ್ರದೇಶವನ್ನು ಸೆಲೆಕ್ಟಿವ್ ಲೈಸೆನ್ಸಿಂಗ್‌ಗೆ ಒಳಪಡಿಸಿದ ಮೇಲೆ ಲೈಸೆನ್ಸ್ ಇಲ್ಲದೆ ಮನೆ ಬಾಡಿಗೆಗೆ ಕೊಡುವುದು ಅಪರಾಧ. ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ 2013ರ ಜನವರಿಯಲ್ಲಿ ಬಹುಮಟ್ಟಿಗೆ ತನ್ನ ಇಡೀ ವ್ಯಾಪ್ತಿಗೆ ಇದನ್ನು ತಂದದ್ದು ಆಗ ಹೊಸತಾಗಿತ್ತು, ಈಗ ಹಲವು ಊರುಗಳಲ್ಲಿ ಇದೆ. ಲೈಸೆನ್ಸ್ ಇಲ್ಲದ ಅವಧಿಯ ಬಾಡಿಗೆಯನ್ನು ಹಿಂದಿರುಗಿಸಿ ಎಂದು ನ್ಯಾಯಮಂಡಳಿ ಆದೇಶ ಮಾಡಬಹುದು. ಕೈಯಿಂದ ಕಟ್ಟಿದ ಬಾಡಿಗೆಗೆ ಬಾಡಿಗೆದಾರರು ಅರ್ಜಿ ಹಾಕುತ್ತಾರೆ. ಯೂನಿವರ್ಸಲ್ ಕ್ರೆಡಿಟ್‌ನಿಂದ ಬಂದ ಭಾಗಕ್ಕೆ ಕೌನ್ಸಿಲ್ ಅರ್ಜಿ ಹಾಕುತ್ತದೆ. 2026ರ ಮೇ 1ರವರೆಗೆ ಆ ಆದೇಶದ ಮಿತಿ 12 ತಿಂಗಳ ಬಾಡಿಗೆ, ಹೊಸ ಕಾಯ್ದೆಯಲ್ಲಿ ಎರಡು ವರ್ಷದ್ದು. ಅಂದರೆ ನಿಮ್ಮ ಬಾಡಿಗೆ ಕೈತಪ್ಪುವ ಅಪಾಯ ಹೆಚ್ಚಾಗಿರುವುದು ಬಾಡಿಗೆದಾರರ ಕಡೆಯಿಂದಲ್ಲ, ಆ ಪತ್ರವನ್ನು ನೀವು ಡ್ರಾಯರ್‌ನಲ್ಲಿ ಇಟ್ಟುಬಿಡುವುದರಿಂದ. ಅರ್ಜಿಯನ್ನು ಶುಲ್ಕ ಸಮೇತ ಸರಿಯಾಗಿ ಸಲ್ಲಿಸಿದ ದಿನದಿಂದ ನಿಮಗೆ ರಕ್ಷಣೆ ಸಿಗುತ್ತದೆ. ಲೈಸೆನ್ಸ್ ಕೈಗೆ ಬರುವವರೆಗೆ ಕಾಯಬೇಕಿಲ್ಲ.

ನಮ್ಮ ಮನೆಗೆ ಕೌನ್ಸಿಲ್‌ನ ಅಧಿಕಾರಿಣಿ ತಪಾಸಣೆಗೆ ಬಂದದ್ದು ನೆನಪಿದೆ. ಏಣಿ ತಂದಿರಲಿಲ್ಲ, ಪೊರಕೆಯ ಹಿಡಿಯಿಂದಲೇ ಮಹಡಿಯ ಹೊಗೆ ಅಲಾರಂ ಒತ್ತಿ ನೋಡಿದರು. ಸದ್ದಾಯಿತು. ನಂತರ ಅಡುಗೆಮನೆಯ ಬಾಯ್ಲರ್ ಮುಂದೆ ನಿಂತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಲ್ಲಿ ಎಂದರು. ನಾನು ಹೊಗೆ ಅಲಾರಂ ತೋರಿಸಿದೆ! 2022ರ ಅಕ್ಟೋಬರ್ 1ರಿಂದ ಬಾಯ್ಲರ್ ಇರುವ ಕೋಣೆಯಲ್ಲಿ ಅದು ಕಡ್ಡಾಯವೆಂಬುದು ನನಗೆ ಗೊತ್ತೇ ಇರಲಿಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಎಳೆದು ಹಿಂದೆ ಬೂಷ್ಟು ಹಿಡಿದಿದೆಯೇ ಎಂದೂ ನೋಡಿದರು. ಒರಟಾಗಿ ಮಾತಾಡಲಿಲ್ಲ, ಸರಿಪಡಿಸಲು ದಿನ ಗೊತ್ತುಮಾಡಿ ಹೋದರು.

ಭಾವಮೈದುನರ ಸಲಹೆಯ ಬಗ್ಗೆ ಒಂದೇ ಮಾತು. ಮೇ 1ಕ್ಕೆ ಮುನ್ನ ಸೆಕ್ಷನ್ 21 ನೋಟಿಸ್ ಕೊಡಬಹುದು, ಅದರ ಮೇಲೆ ಜುಲೈ 31ರೊಳಗೆ ಕೋರ್ಟಿಗೂ ಹೋಗಬೇಕು. ಆದರೆ ಲೈಸೆನ್ಸಿಗೆ ಅರ್ಜಿಯನ್ನೂ ಹಾಕದಿದ್ದರೆ, ಠೇವಣಿಯಲ್ಲಿ ದೋಷವಿದ್ದರೆ, ಗ್ಯಾಸ್ ಪ್ರಮಾಣಪತ್ರ ಕೊಟ್ಟಿಲ್ಲದಿದ್ದರೆ ಆ ನೋಟಿಸ್ ನಿಲ್ಲುವುದೇ ಇಲ್ಲ. ಮೇ 1ರ ನಂತರ ಬಾಕಿಯ ಕಾರಣಕ್ಕೆ ಕಡ್ಡಾಯವಾಗಿ ಮನೆ ಬಿಡಿಸಲು ಮೂರು ತಿಂಗಳ ಬಾಕಿ ಇರಬೇಕು, ಮತ್ತು ಯೂನಿವರ್ಸಲ್ ಕ್ರೆಡಿಟ್ ಇನ್ನೂ ಕೈಸೇರಿಲ್ಲ ಎಂಬ ಒಂದೇ ಕಾರಣದಿಂದ ಉಳಿದ ಬಾಡಿಗೆಯನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಕಡತ ಕಾಯುವವಳು:

ಒಂದು ವಿಷಯ ಬರೆಯಲು ಮರೆತಿದ್ದೆ. ನಿಮ್ಮ ಬಾಡಿಗೆದಾರರು ವೀಸಾದ ಮೇಲೆ ಇದ್ದು ಅದರಲ್ಲಿ ‘ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ’ ಎಂಬ ಷರತ್ತಿದ್ದರೆ ಯೂನಿವರ್ಸಲ್ ಕ್ರೆಡಿಟ್ ಆಗಲಿ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯಾಗಲಿ ಕೇಳುವಂತಿಲ್ಲ. ಕೇಳಿದರೆ ವೀಸಾಕ್ಕೇ ತೊಂದರೆ. ನಮ್ಮ ಕಡೆಯ ಬಹಳ ಕುಟುಂಬಗಳು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಾಯಂ ವಾಸದ ಅನುಮತಿ ಅಥವಾ ಪೌರತ್ವ ಇದ್ದವರಿಗೆ ಈ ಅಡ್ಡಿಯಿಲ್ಲ.

ಮಿಡ್‌ಲ್ಯಾಂಡ್ಸ್ ಕನ್ನಡಿಗ:

ಎಲ್ಲರಿಗೂ ಧನ್ಯವಾದಗಳು. ಅವರು ಕಾಯಂ ವಾಸದ ಅನುಮತಿ ಪಡೆದವರು, ಕೇಳಿ ಖಚಿತಪಡಿಸಿಕೊಂಡೆ. ಬಾಡಿಗೆ ಪತ್ರ ಬರೆದು ಕಳುಹಿಸಿದ್ದೇನೆ. ನಿನ್ನೆ ರಾತ್ರಿ ಕುಳಿತು ನನ್ನ ಕಡತ ಬಿಚ್ಚಿದೆ, ನಿದ್ದೆ ಹಾರಿಹೋಯಿತು. ಗ್ಯಾಸ್ ತಪಾಸಣೆಯ ವರ್ಷ ನವೆಂಬರಿನಲ್ಲೇ ಮುಗಿದಿದೆ. ವಿದ್ಯುತ್ ವರದಿಗೆ 2026ರ ಆಗಸ್ಟ್‌ವರೆಗೆ ಅವಧಿಯಿದೆ, ಐದು ವರ್ಷದ್ದು. ಬಾಯ್ಲರ್ ಬಳಿ ಅಲಾರಂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಾಡಿಗೆದಾರರ ಠೇವಣಿಯನ್ನು ಕಾಯುವ ಮಾನ್ಯ ಯೋಜನೆಯಲ್ಲಿ ಹಣ ಇಟ್ಟಿದ್ದೇನೆ ನಿಜ, ಆದರೆ ನಾನು ತೆಗೆದುಕೊಂಡದ್ದು 1,300 ಪೌಂಡ್. 2019ರ ಬಾಡಿಗೆದಾರರ ಶುಲ್ಕ ಕಾಯ್ದೆಯಂತೆ ಐದು ವಾರದ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲವಂತೆ. ಈಗ ಏನು ಮಾಡಲಿ?

ಉತ್ತರದ ಊರಿನವ:

ಲೆಕ್ಕ ಹಾಕೋಣ. 950 ಅನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿ, ಬಂದದ್ದನ್ನು 5ರಿಂದ ಗುಣಿಸಿದರೆ 1,096 ಪೌಂಡ್ 15 ಪೆನ್ಸ್. ನೀವು ಹೆಚ್ಚಾಗಿ ಇಟ್ಟುಕೊಂಡಿರುವುದು 203 ಪೌಂಡ್ 85 ಪೆನ್ಸ್. ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಬಾಡಿಗೆದಾರರು ಒಪ್ಪಿದರೆ ಬಾಡಿಗೆಗೆ ಹೊಂದಿಸಿಕೊಳ್ಳಬಹುದು. ಮೊದಲ ಹಣಕ್ಕಾಗಿ ಕಾಯುತ್ತಿರುವ ಈ ಐದು ವಾರಗಳಲ್ಲಿ ಅವರು ಬಹುಶಃ ಎರಡನೆಯದನ್ನೇ ಒಪ್ಪುತ್ತಾರೆ. ಫೋನಿನಲ್ಲಿ ಮುಗಿಸಬೇಡಿ, ಎರಡು ಸಾಲಿನ ಪತ್ರದಲ್ಲಿ ಅವರ ಒಪ್ಪಿಗೆ ಪಡೆದು, ಠೇವಣಿ ಯೋಜನೆಯಲ್ಲೂ ಮೊತ್ತ ಬದಲಿಸಿ. ಗ್ಯಾಸ್ ಸೇಫ್ ನೋಂದಣಿ ಇರುವ ಗ್ಯಾಸ್ ತಂತ್ರಜ್ಞನನ್ನು ಈ ವಾರವೇ ಕರೆಸಿ, ಆತ ಬಂದ ದಿನವೇ ಬಾಯ್ಲರ್ ಪಕ್ಕ ಅಲಾರಂ ಹಾಕಿಸಿ. ಲೈಸೆನ್ಸ್ ಅರ್ಜಿಗೆ ಮಾತ್ರ ಅದ್ಯಾವುದನ್ನೂ ಕಾಯಬೇಡಿ.

ಮಿಡ್‌ಲ್ಯಾಂಡ್ಸ್ ಕನ್ನಡಿಗ:

ಅರ್ಜಿ ಈಗಷ್ಟೇ ಸಲ್ಲಿಸಿ ಶುಲ್ಕ ಕಟ್ಟಿದೆ, ರಸೀದಿಯನ್ನು ಕಡತಕ್ಕೆ ಸೇರಿಸಿದ್ದೇನೆ. ಗ್ಯಾಸ್‌ನವರು ಗುರುವಾರ ಬರುತ್ತಾರೆ. ಭಾವಮೈದುನನಿಗೂ ಅವನ ಮನೆಯ ಠೇವಣಿ ಎಷ್ಟಿದೆ ನೋಡಿಕೊಳ್ಳಲು ಹೇಳಿದ್ದೇನೆ. ಅವನಿಂದ ಇನ್ನೂ ಫೋನ್ ಬಂದಿಲ್ಲ.