ಎರಡೂ ಕಡೆ ಇಳಿಜಾರು, ಮೋಟರ್‌ಹೋಮ್ ಮಟ್ಟಕ್ಕೆ ಬರುತ್ತಿಲ್ಲ. ಸಹಾಯ ಬೇಕು

ನಮಸ್ಕಾರ. ನಮ್ಮ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ) ನಿಲ್ಲಿಸಿರುವ ಜಾಗ ಮುಂದಕ್ಕೂ ಎಡಕ್ಕೂ ವಾಲಿದೆ. ಎಡಗಡೆಯ ಚಕ್ರಗಳ ಕೆಳಗೆ ರ‍್ಯಾಂಪ್ ಕೊಟ್ಟೆ. ಅಡ್ಡಕ್ಕೆ ಮಟ್ಟವಾಯಿತು, ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಆಮೇಲೆ ಮುಂಭಾಗ ಎತ್ತಲು ಗಾಡಿಯನ್ನು ಚೂರು ಸರಿಸಿದರೆ ಸಾಕು, ಗುಳ್ಳೆ ಮತ್ತೆ ಪಕ್ಕಕ್ಕೆ ಓಡುತ್ತದೆ!

ಹಿಂದೆ ಜೋಡಿ ಟೈರು ಬೇರೆ. ರ‍್ಯಾಂಪ್ ಅಗಲ ಒಂದಕ್ಕೇ ಸಾಲುವುದು, ಭಾರವೆಲ್ಲ ಆ ಒಂದರ ಮೇಲೇ ಬೀಳುತ್ತದೆ. ಮೂಲೆಯ ಜಾಕ್‌ಗಳು ಅಲುಗಾಟ ತಡೆಯಲಿಕ್ಕೆ ಮಾತ್ರ, ಗಾಡಿ ಎತ್ತಲಿಕ್ಕಲ್ಲ, ಹಾಗಾಗಿ ಅವನ್ನು ಮುಟ್ಟಿಲ್ಲ. ಸುಮ್ನೆ ಬಿಟ್ಟುಬಿಡೋಣ ಅಂದರೆ, ಗ್ಯಾಸ್‌ನಲ್ಲಿ ನಡೆಯುವ ಫ್ರಿಜ್ ಜಾಸ್ತಿ ವಾಲಿದರೆ ಕೆಲಸ ಮಾಡುವುದಿಲ್ಲ ಅಲ್ವಾ?

ಮೊದಲು ಉದ್ದಕ್ಕೆ ಮಟ್ಟ ಮಾಡಬೇಕೋ, ಅಡ್ಡಕ್ಕೋ? ಜೋಡಿ ಟೈರಿನ ಎರಡಕ್ಕೂ ಆಸರೆ ಸಿಗುವಂತೆ ಕೆಳಗೆ ಏನು ಕೊಡುತ್ತೀರಿ?