ಲೀಗ್ ಬಿಟ್ಟು ಊರಿಗೆ ಬರ್ತೀನಿ ಅಂತಿದ್ದಾನೆ ತಮ್ಮ: ಹೀಗೆ ಬಂದವರು ಯಾರಾದರೂ ಇದ್ದೀರಾ?

ಸಾಗರದ ಅಕ್ಕ:
ತಮ್ಮನಿಗೆ 20 ವರ್ಷ. ಕಬಡ್ಡಿ ಆಡುತ್ತಾನೆ, ಎಡ ಕಾರ್ನರ್, ಅಂದರೆ ಎಡತುದಿಯಲ್ಲಿ ನಿಂತು ರೈಡರ್ ಹಿಡಿಯುವವನು. ಹೈಸ್ಕೂಲಲ್ಲಿದ್ದಾಗ ರಾಜ್ಯ ತಂಡದಲ್ಲಿ ಶಾಲಾ ರಾಷ್ಟ್ರೀಯ ಕೂಟಕ್ಕೆ ಹೋಗಿದ್ದ. ಆಮೇಲೆ ಪ್ರೊ ಕಬಡ್ಡಿಯ ಒಂದು ತಂಡ ಯುವ ಆಟಗಾರ ಅಂತ ತೆಗೆದುಕೊಂಡಿತು. ಕ್ಯಾಂಪ್ ಇರುವುದು ಉತ್ತರ ಭಾರತದಲ್ಲಿ. ಸೀಸನ್ ಪೂರ್ತಿ ಬೆಂಚ್ ಮೇಲೆ ಕೂತಿದ್ದೇ ಬಂತು. ಈಗ ಫೋನ್ ಮಾಡಿದಾಗೆಲ್ಲ ಒಂದೇ ಮಾತು, 'ಬಿಟ್ಟು ಬರ್ತೀನಿ ಅಕ್ಕಾ, ತೋಟ ನೋಡ್ಕೋತೀನಿ.' ಒಪ್ಪಂದ ಇನ್ನೊಂದು ಸೀಸನ್ ಇದೆ. ಅಪ್ಪ ಅವನ ಹತ್ತಿರ ಮಾತೇ ಬಿಟ್ಟಿದ್ದಾರೆ. ಅಮ್ಮ 'ಬರಲಿ ಬಿಡು' ಅಂತಾರೆ. ಮೂರು ಎಕರೆ ಅಡಿಕೆ ಇದೆ, ಎಲೆಚುಕ್ಕಿ ರೋಗ ಬಂದಮೇಲೆ ಫಸಲು ಕಮ್ಮಿ. ಆಟ ಬಿಟ್ಟು ಊರಿಗೆ ಬಂದವರು ಅಥವಾ ಅಂಥವರು ಮನೆಯಲ್ಲಿ ಇರುವವರು ಹೇಳಿ. ಬಾ ಅನ್ನಲೋ ಇರು ಅನ್ನಲೋ ಗೊತ್ತಾಗುತ್ತಿಲ್ಲ.

ಹೊಸನಗರದ ರೈಡರ್:
ಅಕ್ಕಾ, ನಾನು ಲೀಗ್ ಮಟ್ಟಕ್ಕೆ ಹೋದವನಲ್ಲ. ಬೆಂಗಳೂರಲ್ಲಿ ಒಂದು ಸಂಸ್ಥೆಯ ತಂಡಕ್ಕೆ ಸ್ಟೈಪೆಂಡ್ ಮೇಲೆ ಆಡುತ್ತಿದ್ದೆ. 23ಕ್ಕೆ ಬಿಟ್ಟು ಬಂದೆ. ಬಂದಿದ್ದಕ್ಕೆ ಬೇಜಾರಿಲ್ಲ, ಇವತ್ತಿಗೂ ಇಲ್ಲ. ಆದರೆ 'ತೋಟ ನೋಡ್ಕೋತೀನಿ' ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಕೇಳಿ.

ಮೂರು ಎಕರೆ ತೋಟದಲ್ಲಿ ಅಪ್ಪ ಗಟ್ಟಿಯಾಗಿ ಇದ್ದಾರೆ ಅಂದರೆ ಇನ್ನೊಬ್ಬ ಗಂಡಸಿಗೆ ವರ್ಷಪೂರ್ತಿ ಕೆಲಸ ಇರುವುದಿಲ್ಲ. ಮಳೆಗಾಲದಲ್ಲಿ ಔಷಧಿ ಹೊಡೆಸಬೇಕು. ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವುದು, ಒಣಗಿಸುವುದು ಮುಗಿಯುವ ತನಕ ಕೈ ತುಂಬ ಕೆಲಸ. ಆಮೇಲೆ ಮಾರ್ಚ್‌ನಲ್ಲಿ ಏನು ಮಾಡುತ್ತಾನೆ? ನೀರು ಬಿಟ್ಟು ಬಂದು ಜಗಲಿ ಮೇಲೆ ಕೂರುವುದು. ಮಂಡಿಗೆ ಅಡಿಕೆ ಹಾಕಿದ ದುಡ್ಡು ಅಪ್ಪನ ಖಾತೆಗೆ ಹೋಗುತ್ತದೆ. ಪೆಟ್ರೋಲಿಗೂ ಕೇಳಿ ಇಸಿದುಕೊಳ್ಳಬೇಕು. ಮೊನ್ನೆವರೆಗೆ ಸ್ವಂತ ದುಡ್ಡು ಎಣಿಸಿದವನಿಗೆ ಇದು ಬಹಳ ಚುಚ್ಚುತ್ತದೆ. ನನಗೂ ಅಪ್ಪನಿಗೂ ಸರಿಹೋಗಿದ್ದು ನಾನು ಪಕ್ಕದವರ ತೋಟದ ಫಸಲು ಚೇಣಿಗೆ (ಗುತ್ತಿಗೆಗೆ) ಹಿಡಿದ ಮೇಲೆ. ಲಾಭ ಹೇಳಿಕೊಳ್ಳುವಷ್ಟು ಬರಲಿಲ್ಲ. ಆದರೆ ಲೆಕ್ಕ ನನ್ನದು ಅಂತಾಯಿತು.

ಇನ್ನೊಂದು, ರಾತ್ರಿ ಟೂರ್ನಮೆಂಟ್. ಲೀಗ್‌ನಲ್ಲಿ ಇದ್ದವನು ಊರಿಗೆ ಬಂದಿದ್ದಾನೆ ಅಂತ ಗೊತ್ತಾದರೆ ತೀರ್ಥಹಳ್ಳಿಯಿಂದ ಸೊರಬದ ತನಕ ಎಲ್ಲರೂ ಕರೆಯುತ್ತಾರೆ. ಹೊನಲು ಬೆಳಕಿನ ಪಂದ್ಯ, ಅತಿಥಿ ಆಟಗಾರ, ಪೋಸ್ಟರಲ್ಲಿ ದೊಡ್ಡ ಫೋಟೋ, ರಾತ್ರಿಯೇ ಕೈಗೆ ದುಡ್ಡು. ಮೊದಲ ವರ್ಷ ಇದೇ ಒಂದು ಕಸುಬು ಅನಿಸಿಬಿಡುತ್ತದೆ. ಕೆಲವು ಕಡೆ ಮ್ಯಾಟ್ ಹಾಸುತ್ತಾರೆ, ಬಹಳ ಕಡೆ ಮಣ್ಣೇ. ಕಾಲಿನ ಮಂಡಿ ಹೋದರೆ ಸಂಘಟಕರು ಆಸ್ಪತ್ರೆಗೆ ಬಿಟ್ಟು ಬರುತ್ತಾರೆ, ಅಷ್ಟೇ. ಅದಕ್ಕೂ ಮುಂಚೆ ಒಪ್ಪಂದ ಓದಿಸಿ. ಅದು ಜಾರಿಯಲ್ಲಿರುವಾಗ ಹೊರಗೆ ಆಡಬಹುದೋ ಇಲ್ಲವೋ ಅದರಲ್ಲೇ ಬರೆದಿರುತ್ತದೆ.

ಜನ ಏನಂತಾರೆ ಅನ್ನುವ ಚಿಂತೆ ಬೇಡ. ಬಸ್‌ಸ್ಟ್ಯಾಂಡಲ್ಲಿ 'ಏನಪ್ಪ, ಟಿವೀಲಿ ಕಾಣಲೇ ಇಲ್ಲ' ಅಂತ ಒಂದು ವರ್ಷ ಕೇಳುತ್ತಾರೆ. ಅಷ್ಟರಲ್ಲಿ ಬೇರೆ ಯಾರದೋ ಮಗ ಏನೋ ಮಾಡಿಕೊಂಡಿರುತ್ತಾನೆ.

ಕೊಪ್ಪದ ಸೆಟ್ಟರ್:
ನಾನು ವಾಲಿಬಾಲ್. ಎಂಟನೇ ಕ್ಲಾಸಿಗೆ ಕ್ರೀಡಾ ಹಾಸ್ಟೆಲ್‌ಗೆ ಹೋದವಳು. ಒಂದು ಮಾತು ಹೇಳಲಾ? ತಂಡದ ಆರು ಜನರಲ್ಲಿ ನಾನಿದ್ದ ವರ್ಷ ಮನೆ ನೆನಪೇ ಆಗಲಿಲ್ಲ. ಹೊರಗೆ ಕೂತ ವರ್ಷ ಅಮ್ಮ ಮಾಡುವ ಕೆಸುವಿನ ಪತ್ರೊಡೆಯಿಂದ ಹಿಡಿದು ಕೊಟ್ಟಿಗೆಯ ದನದ ತನಕ ಎಲ್ಲ ನೆನಪಾಯಿತು. 'ಮನೆ ನೆನಪಾಗ್ತಿದೆ' ಅಂತ ಹೇಳುವುದು ಸುಲಭ. 'ನನ್ನನ್ನು ಆಡಿಸ್ತಿಲ್ಲ' ಅಂತ ಹೇಳಲು ನಾಚಿಕೆ. ನಿಮ್ಮ ತಮ್ಮನದು ಯಾವುದು ಅಂತ ನೀವೇ ಕೇಳಬೇಕು, ಅಪ್ಪ ಕೇಳಿದರೆ ಬಾಯಿ ಬಿಡಲ್ಲ.

ಕ್ಯಾಂಪಲ್ಲಿ ಕನ್ನಡ ಮಾತಾಡುವವರು ಯಾರಾದರೂ ಇದ್ದಾರಾ ಅದನ್ನೂ ಕೇಳಿ. ಕಬಡ್ಡಿ ಕ್ಯಾಂಪ್ ಅಂದರೆ ಹರಿಯಾಣದ ಹುಡುಗರೇ ಜಾಸ್ತಿ. ಹಿಂದಿ ಅರ್ಧಂಬರ್ಧ ಬರುವವನು ಊಟದ ಹೊತ್ತಿಗೂ ಸುಮ್ನೆ ಇರಬೇಕಾಗುತ್ತದೆ. ಆ ಸುಮ್ನೆ ಇರುವುದೇ ತಲೆಗೆ ಹತ್ತುವುದು.

ನಾನು ವಾಪಸ್ ಬಂದಾಗ ಯಾರೂ 'ಯಾಕೆ ಬಂದೆ' ಅಂತ ಕೇಳಲಿಲ್ಲ. ಬಂದ ವಾರದಲ್ಲೇ ಜಾತಕ ಕೇಳಲು ಶುರು ಮಾಡಿದರು. ಹುಡುಗನಿಗೆ ಅಪ್ಪ ಮಾತು ಬಿಡುತ್ತಾರೆ, ಹುಡುಗಿಗೆ ಮನೆಯವರೆಲ್ಲ ಸೇರಿ ಮಾತಾಡುತ್ತಾರೆ! ಇರಲಿ, ಅದು ಬೇರೆ ಕಥೆ.

ಶೃಂಗೇರಿ ಮೂಲ, ಈಗ ಮೆಲ್ಬರ್ನ್:
ಇಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಇದು ಪ್ರತಿವರ್ಷದ ಸುದ್ದಿ. 18ರ ಹುಡುಗರನ್ನು ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸುವ ಪದ್ಧತಿ) ದೂರದ ರಾಜ್ಯದ ಕ್ಲಬ್ ಎತ್ತಿಕೊಳ್ಳುತ್ತದೆ. ಮೊದಲ ಒಪ್ಪಂದ ಮುಗಿಯುವ ಹೊತ್ತಿಗೆ ಕೆಲವರು ಊರ ಕಡೆಯ ಕ್ಲಬ್‌ಗೆ ಕಳಿಸಿ ಅಂತ ಕೇಳುತ್ತಾರೆ. ಅದನ್ನು ಇಲ್ಲಿ ಯಾರೂ ಹೇಡಿತನ ಅನ್ನುವುದಿಲ್ಲ. ಹುಡುಗನನ್ನು ಆರಿಸುವಾಗಲೇ ಕ್ಲಬ್‌ಗಳು ಇದನ್ನೂ ಲೆಕ್ಕ ಹಾಕುತ್ತವೆ. ಟೆನಿಸ್‌ನ ಆಶ್ಲೀ ಬಾರ್ಟಿ ಗೊತ್ತಲ್ಲ, 2014ರಲ್ಲಿ 18ನೇ ವಯಸ್ಸಿಗೆ ಟೆನಿಸ್ ಬಿಟ್ಟು ಕ್ವೀನ್ಸ್‌ಲ್ಯಾಂಡ್‌ನ ಮನೆಗೆ ಹೋದರು, ಅಲ್ಲೇ ಕ್ರಿಕೆಟ್ ಆಡಿದರು. 2016ರಲ್ಲಿ ವಾಪಸ್ ಬಂದು 2021ರಲ್ಲಿ ವಿಂಬಲ್ಡನ್ ಗೆದ್ದರು.

ಹೊಸನಗರದ ರೈಡರ್:
ಬಾರ್ಟಿ ಕಥೆ ಚೆನ್ನಾಗಿದೆ ಸಾರ್, ಆದರೆ ನಮ್ಮ ಹುಡುಗರಿಗೆ ಹೇಳುವಾಗ ಜೋಪಾನ. ಆಕೆ ಬಿಟ್ಟಾಗಲೇ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದ್ದವರು. ಬೆಂಚ್ ಮೇಲಿದ್ದ ಕಾರ್ನರ್‌ಗೆ ಎರಡು ವರ್ಷ ಬಿಟ್ಟರೆ ಯಾರು ಕಾಯುತ್ತಾರೆ? ನಿಮ್ಮಲ್ಲಿ ಪರ್ತ್ ಹುಡುಗ ಊರಿಗೆ ಬಂದರೂ ಅಲ್ಲೇ ಎರಡು ದೊಡ್ಡ ಕ್ಲಬ್ ಇವೆ. ಸಾಗರದ ಹುಡುಗ ಊರಿಗೆ ಬಂದರೆ ಲೀಗ್ ಬಾಗಿಲು ಅಲ್ಲಿಗೆ ಮುಚ್ಚಿತು ಅಂತಲೇ. ಹತ್ತಿರದ ಲೀಗ್ ತಂಡ ಅಂದರೆ ಬೆಂಗಳೂರು ಬುಲ್ಸ್ ಒಂದೇ. ಅಲ್ಲಿಗೆ ಬದಲಾಗುವುದು ಅವನ ಕೈಯಲ್ಲಿಲ್ಲ.

ಅಂದಹಾಗೆ ಅಕ್ಕಾ, 2024ರಲ್ಲಿ ಲೀಗ್ ಅಕ್ಟೋಬರ್ 18ಕ್ಕೆ ಶುರುವಾಗಿ ಡಿಸೆಂಬರ್ 29ಕ್ಕೆ ಮುಗಿಯಿತು. ಅಂದರೆ ನಮ್ಮಲ್ಲಿ ಕೊನೆ ಇಳಿಸುವ ಹೊತ್ತು. ಮನೆಯಲ್ಲಿ ಆಳು ಸಿಗದೆ ಒದ್ದಾಡುತ್ತಿರುತ್ತಾರೆ, ಇವನು ಅಲ್ಲಿ ಬೆಂಚ್ ಮೇಲೆ. ಪ್ರತಿ ಫೋನಲ್ಲೂ ಕೊಯ್ಲಿನ ಕಷ್ಟ ಹೇಳಬೇಡಿ. ನಮ್ಮಮ್ಮ ಹೇಳುತ್ತಿದ್ದರು, ನಾನು ರಾತ್ರಿ ಮಲಗುತ್ತಿರಲಿಲ್ಲ.

ಭದ್ರಾವತಿಯ ಪಿಟಿ ಮೇಷ್ಟ್ರು:
ಎಲ್ಲರೂ ಮನಸ್ಸಿನ ಮಾತಾಡಿದ್ದೀರಿ, ನಾನು ಕಾಗದದ ಮಾತಾಡುತ್ತೇನೆ. ಇದರಲ್ಲೇ ಹುಡುಗರು ಕೆಡುವುದು.

ಸರ್ಕಾರಿ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಹೋಗಬೇಕಾದರೆ ಕೇಂದ್ರ ಸರ್ಕಾರದವರು ಪ್ರಮಾಣಪತ್ರಕ್ಕೆ ಬೇರೆ ಬೇರೆ ನಮೂನೆ ಇಟ್ಟಿದ್ದಾರೆ. ದೇಶಕ್ಕೆ ಆಡಿದ್ದರೆ ಫಾರಂ 1. ರಾಜ್ಯದ ಪರ ರಾಷ್ಟ್ರೀಯ ಕೂಟದಲ್ಲಿ ಆಡಿದ್ದರೆ ಫಾರಂ 2, ಅದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಫಾರಂ 3. ಶಾಲಾ ರಾಷ್ಟ್ರೀಯ ಕೂಟಕ್ಕೆ ಫಾರಂ 4, ಅದಕ್ಕೆ ಶಿಕ್ಷಣ ಇಲಾಖೆಯ ಮೇಲಧಿಕಾರಿ ಸಹಿ. ಲೀಗ್ ಆಡಿದ್ದಕ್ಕೆ ಈ ನಾಲ್ಕರಲ್ಲಿ ಜಾಗವೇ ಇಲ್ಲ! ಟಿವಿಯಲ್ಲಿ ಬಂದರೂ ಅಷ್ಟೇ. ಆದ್ದರಿಂದ ಶಾಲೆಯಲ್ಲಿದ್ದಾಗ ಆಡಿದ್ದೇ ಅವನ ಆಸ್ತಿ. ಬರೀ ಸರ್ಟಿಫಿಕೇಟ್ ಇದ್ದರೆ ಸಾಲದು, ಫಾರಂ 4 ಮಾಡಿಸಿ ಇಟ್ಟುಕೊಂಡಿದ್ದಾನಾ ನೋಡಿ. ವರ್ಷ ಕಳೆದಷ್ಟೂ ಹಳೇ ದಾಖಲೆ ಹುಡುಕಿಸಿ ಸಹಿ ಹಾಕಿಸುವುದು ಕಷ್ಟ.

ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದರೆ ಸೇರಿಸಿ. ಕುವೆಂಪು ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರೆ ಫಾರಂ 3ರ ದಾರಿ ತೆರೆಯುತ್ತದೆ. 20 ವರ್ಷ ಅಂದರೆ ಇನ್ನೂ ಹೊತ್ತಿದೆ. ಡಿಗ್ರಿ ಆದಮೇಲೆ ಅದೇ ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲೇ ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಇದೆ, ಎರಡು ವರ್ಷ. ರೈಲ್ವೆಯವರು, ಪೊಲೀಸಿನವರು ಕ್ರೀಡಾ ಕೋಟಾದಲ್ಲಿ ಕರೆಯುತ್ತಾರೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಪ್ರಕಟಣೆ ನೋಡುತ್ತಿರಿ, ನಮ್ಮ ಶಿವಮೊಗ್ಗ ಲೈನ್ ಅದರ ಮೈಸೂರು ವಿಭಾಗದ್ದೇ. ಕೆಲಸ ಸಿಕ್ಕರೂ ಸಾಗರದಲ್ಲೇ ಪೋಸ್ಟಿಂಗ್ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೂ ತಾಳಗುಪ್ಪ ರೈಲು ಹತ್ತಿದರೆ ರಜೆಗೆ ಮನೆ ಸೇರುವ ದೂರದಲ್ಲಿ ಇರುತ್ತಾನೆ.

ಕೋಚ್ ಆಗುವ ಮನಸ್ಸಿದ್ದರೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋರ್ಸ್ ಇದೆ. ಕಬಡ್ಡಿಯಲ್ಲಿ ಕೋಚ್‌ಗೂ ಹೆಸರಿದೆ. ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ ಪ್ರೊ ಕಬಡ್ಡಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿಕೊಟ್ಟವರು. ಖೇಲೋ ಇಂಡಿಯಾದ ಜಿಲ್ಲಾ ಕೇಂದ್ರಗಳಲ್ಲೂ ಮಾಜಿ ಆಟಗಾರರನ್ನೇ ಕೋಚ್ ಆಗಿ ತೆಗೆದುಕೊಳ್ಳುತ್ತಾರೆ. ಅಲ್ಲಿಯೂ ಕೇಳುವುದು ಮತ್ತೆ ಅದೇ ದಾಖಲೆ.

ಸಾಗರದ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಕೊಪ್ಪದ ಅಕ್ಕ ಹೇಳಿದ ಹಾಗೆ ರಾತ್ರಿ ನಾನೊಬ್ಬಳೇ ತಮ್ಮನ ಹತ್ತಿರ ಮಾತಾಡಿದೆ. ಸೀಸನ್ ನಡುವೆ ಅಭ್ಯಾಸದಲ್ಲಿ ಬಲಮಂಡಿ ತಿರುಚಿದೆಯಂತೆ. ಊದಿಕೊಂಡಿತ್ತು, ಐಸ್ ಇಟ್ಟುಕೊಂಡು ಸುಮ್ಮನಾಗಿದ್ದಾನೆ. ಹೇಳಿದರೆ ಮುಂದಿನ ಸೀಸನ್‌ಗೆ ಕೈಬಿಡುತ್ತಾರೆ ಅಂತ ಹೆದರಿಕೆ. ಕೂತು ಏಳುವಾಗ ಮಂಡಿ ಜಾರಿದ ಹಾಗೆ ಆಗುತ್ತದಂತೆ. ಡಿಗ್ರಿ ಎರಡನೇ ವರ್ಷಕ್ಕೆ ನಿಂತಿದೆ. ಫಾರಂ 4 ಅಂದರೆ ಏನು ಅಂತ ಕೇಳಿದ.

ಹೊಸನಗರದ ರೈಡರ್:
ಹಾಗಾದರೆ ಬಾ, ಇರು ಅನ್ನುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಜಾರುತ್ತದೆ ಅಂದರೆ ಎಸಿಎಲ್ (ಮಂಡಿಯ ಒಳಗಿನ ಕಟ್ಟು) ಹರಿದಿರಬಹುದು, ಎಂಆರ್‌ಐ ಆಗದೆ ಗೊತ್ತಾಗಲ್ಲ. ನಾಳೆಯೇ ತಂಡದ ಫಿಸಿಯೋಗೆ ಹೇಳಲಿ, ಬಾಯಲ್ಲಿ ಮಾತ್ರ ಅಲ್ಲ, ಮೆಸೇಜಲ್ಲೂ. ಒಪ್ಪಂದ ಇರುವಾಗ ಆಗಿದ್ದು, ಅಲ್ಲೇ ಬರಹದಲ್ಲಿ ಇರಲಿ. ಚಿಕಿತ್ಸೆ ಖರ್ಚು ಯಾರದು ಅಂತ ಒಪ್ಪಂದದಲ್ಲಿ ಏನಿದೆ ನೋಡಿ. ರಾಜೀನಾಮೆ ಪತ್ರ ಮೊದಲು ಕೊಟ್ಟು ಮಂಡಿ ವಿಷಯ ಆಮೇಲೆ ಎತ್ತಿದರೆ ಯಾರೂ ಕೇಳಲ್ಲ. ಆಪರೇಷನ್ ಆದರೆ ಮತ್ತೆ ಆಡಲು ಒಂಬತ್ತು ತಿಂಗಳಾದರೂ ಬೇಕು. ಆ ತಿಂಗಳುಗಳನ್ನು ಮನೆಯಲ್ಲೇ ಕಳೆಯಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕೊನೆ ಹೊರುವ ಕೆಲಸಕ್ಕೆ ಮಾತ್ರ ಹಚ್ಚಬೇಡಿ.

ಕೊಪ್ಪದ ಸೆಟ್ಟರ್:
ಅಪ್ಪನಿಗೆ ಮಂಡಿ ವಿಷಯ ಅವನೇ ಹೇಳಲಿ, ನೀವು ಹೇಳಬೇಡಿ. ಮಾತು ಬಿಟ್ಟವರು ಮಾತಾಡಲು ಒಂದು ನೆಪ ಬೇಕಲ್ವಾ.

ಭದ್ರಾವತಿಯ ಪಿಟಿ ಮೇಷ್ಟ್ರು:
ಒಂಬತ್ತು ತಿಂಗಳು ಮನೆಯಲ್ಲಿ ಇರುವುದಾದರೆ ನಿಂತ ಡಿಗ್ರಿ ಮುಂದುವರಿಸಲು ಅದೇ ಸರಿಯಾದ ಹೊತ್ತು. ಕಾಲೇಜಿನವರ ಹತ್ತಿರ ಮರು ಪ್ರವೇಶದ ಬಗ್ಗೆ ಈಗಲೇ ವಿಚಾರಿಸಿ. ಫಾರಂ 4ಕ್ಕೆ ಅವನ ಶಾಲಾ ರಾಷ್ಟ್ರೀಯ ಕೂಟದ ಸರ್ಟಿಫಿಕೇಟ್, ಹತ್ತನೇ ಕ್ಲಾಸಿನ ಅಂಕಪಟ್ಟಿ, ಆ ವರ್ಷದ ತಂಡದ ಪಟ್ಟಿ ಸಿಕ್ಕರೆ ಅದೂ, ಎಲ್ಲ ಜೆರಾಕ್ಸ್ ಮಾಡಿಸಿ ಇಡಿ. ಹಳೇ ಶಾಲೆಯ ಪಿಟಿ ಮೇಷ್ಟ್ರು ಇನ್ನೂ ಇದ್ದಾರಾ? ಇದ್ದರೆ ಮೊದಲು ಅವರನ್ನೇ ಹಿಡಿಯಿರಿ. ಯಾವ ಟೇಬಲ್‌ಗೆ ಹೋಗಬೇಕು ಅಂತ ಅವರಿಗೆ ಗೊತ್ತಿರುತ್ತದೆ.