ದೆಲಕ್ರಾ ಅಲ್ಜೀರ್ಸ್‌ನ ಜನಾನಾವನ್ನು ಕಣ್ಣಾರೆ ನೋಡಿದ್ದನಾ?

ಬಣ್ಣದಡಬ್ಬಿ:
ಫ್ರೆಂಚ್ ಚಿತ್ರಕಾರ ದೆಲಕ್ರಾ 1834ರಲ್ಲಿ ಬರೆದ 'ಅಲ್ಜೀರ್ಸ್‌ನ ಹೆಂಗಸರು' ಚಿತ್ರದ ಬಗ್ಗೆ ನಮ್ಮ ಗುಂಪಿನಲ್ಲಿ ಮಾತಾಡಬೇಕಿದೆ. ಮೂವರು ಹೆಂಗಸರು ನೆಲದ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಹುಕ್ಕಾ, ಬಲಗಡೆ ಕಪ್ಪು ಮೈಬಣ್ಣದ ಕೆಲಸದಾಕೆ. ಆ ಬಣ್ಣಗಳಿಂದ ಕಣ್ಣು ಕೀಳೋಕಾಗಲ್ಲ. ಆದರೆ ಹೊರಗಿನ ಗಂಡಸನ್ನು ಜನಾನಾದೊಳಗೆ, ಅಂದ್ರೆ ಮನೆಯಲ್ಲಿ ಹೆಂಗಸರಿರುವ ಭಾಗದೊಳಗೆ, ಬಿಡುತ್ತಲೇ ಇರಲಿಲ್ಲ ಅಲ್ವಾ? ಮತ್ತೆ ಇದು ನೋಡಿದ್ದಾ, ಊಹೆಯಾ?

ಹಳೇ_ಕ್ಯಾನ್ವಾಸ್:
ಎರಡೂ ಇದೆ. 1832ರಲ್ಲಿ ಅವನು ಫ್ರೆಂಚ್ ರಾಯಭಾರಿಯ ಜೊತೆ ಮೊರಾಕೊಗೆ ಹೋಗಿದ್ದ, ವಾಪಸ್ ಬರುವಾಗ ಅಲ್ಜೀರ್ಸ್‌ನಲ್ಲಿ ಇಳಿದ, ಅಲ್ಲಿ ಒಂದು ಮನೆಯ ಒಳಗೆ ಹೋಗಲು ಅವಕಾಶ ಸಿಕ್ಕಿತು ಅಂತ ಹೇಳುತ್ತಾರೆ. ಅಲ್ಲಿನ ಹೆಂಗಸರ ಸ್ಕೆಚ್‌ಗಳ ಮೇಲೆ ಹೆಸರೂ ಬರೆದುಕೊಂಡಿದ್ದ. ದೊಡ್ಡ ಚಿತ್ರ ಮಾತ್ರ ಪ್ಯಾರಿಸ್‌ನಲ್ಲಿ ಆಗಿದ್ದು.

ನನಗೆ ಜಾಸ್ತಿ ಕಾಡೋದು ಬೇರೆ. ಆ ಬಾಗಿಲು ತೆರೆದಿದ್ದು ಯಾಕೆ? 1830ರಲ್ಲಿ ಫ್ರೆಂಚ್ ಸೇನೆ ಅಲ್ಜೀರ್ಸ್ ಹಿಡಿದಿತ್ತು. ಊರು ಗೆದ್ದವರ ಕಡೆಯವನು ಬಂದು ನಿಂತರೆ ಬೇಡ ಅನ್ನೋ ಧೈರ್ಯ ಯಾರಿಗಿರುತ್ತೆ?

ಓದುವ_ಹುಚ್ಚಿ:
ದೆಲಕ್ರಾ ಕನಿಷ್ಠ ಹೋಗಿದ್ದ. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಆಂಗ್ರ್ ಆ ಕಡೆ ಕಾಲೇ ಇಟ್ಟಿರಲಿಲ್ಲ. ಆದರೂ 82ರ ವಯಸ್ಸಿನಲ್ಲಿ, 1862ರಲ್ಲಿ, 'ಟರ್ಕಿಯ ಸ್ನಾನಗೃಹ' ಮುಗಿಸಿದ. ಇದಕ್ಕೆ ಅವನು ಬಳಸಿಕೊಂಡಿದ್ದು ಟರ್ಕಿಗೆ ಬಂದಿದ್ದ ಬ್ರಿಟಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯೂ ಪತ್ರಗಳನ್ನು. ಆಕೆ 1717ರಲ್ಲಿ ಆಗ ಟರ್ಕಿಯ ಆಳ್ವಿಕೆಯಲ್ಲಿದ್ದ ಸೋಫಿಯಾದ ಹಮಾಮ್ (ಸಾರ್ವಜನಿಕ ಸ್ನಾನಗೃಹ) ಒಳಗೆ ಹೋಗಿದ್ದಳು. ಹೆಂಗಸರು ಹರಟುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಅಸಭ್ಯ ನಡತೆ ಒಂದಿಷ್ಟೂ ಇರಲಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾಳೆ. ಆಂಗ್ರ್ ಆ ಮರ್ಯಾದೆಯನ್ನು ಬಿಟ್ಟು ಬೆತ್ತಲೆ ಮೈಗಳನ್ನು ಮಾತ್ರ ಎತ್ತಿಕೊಂಡ. ನನಗೆ ಇದು ಕೋಪ ಬರಿಸುವ ಚಿತ್ರ, ಎಷ್ಟೇ ಚೆನ್ನಾಗಿ ಬರೆದಿದ್ದರೂ.

ದಯವಿಟ್ಟು ಆನ್ರಿಯೆಟ್ ಬ್ರೌನ್ ಚಿತ್ರಗಳನ್ನು ನೋಡಿ. ಫ್ರೆಂಚ್ ಕಲಾವಿದೆ. 1860ರಲ್ಲಿ ಇಸ್ತಾಂಬುಲ್‌ಗೆ ಹೋಗಿ, ಹೆಂಗಸಾದ್ದರಿಂದಲೇ ಒಳಗೆ ಹೋಗಲು ಆಗಿ, ಮರುವರ್ಷ ಪ್ಯಾರಿಸ್‌ನ ಸಲೋನ್ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಜನಾನಾದ ಚಿತ್ರಗಳನ್ನು ತೋರಿಸಿದಳು. ಮೈತುಂಬ ಬಟ್ಟೆ ಉಟ್ಟವರು, ಮನೆಗೆ ಬಂದ ಅತಿಥಿಗಳು, ಹೆಚ್ಚು ಸಾಮಾನೇ ಇಲ್ಲದ ಕೋಣೆ. ಅಷ್ಟೇ. ಒಂದು ಮನೆ.

ಬಣ್ಣದಡಬ್ಬಿ:
ಬ್ರೌನ್ ಹೆಸರೇ ಕೇಳಿರಲಿಲ್ಲ, ತುಂಬಾ ಥ್ಯಾಂಕ್ಸ್! ಅಲ್ಲಿನವರೇ ಯಾರಾದರೂ ಇಂಥ ಚಿತ್ರ ಬರೆದಿದ್ದಾರಾ?

ಹಳೇ_ಕ್ಯಾನ್ವಾಸ್:
ಒಸ್ಮಾನ್ ಹಮ್ದಿ ಬೇ. ಇಸ್ತಾಂಬುಲ್‌ನವನು, ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತವನು. ಅವನ 1880ರ ಚಿತ್ರಗಳಲ್ಲಿ ಒಬ್ಬ ಹುಡುಗಿ ಕುರಾನ್ ಓದುತ್ತಾಳೆ, ಇನ್ನೊಂದರಲ್ಲಿ ಇಬ್ಬರು ವಾದ್ಯ ನುಡಿಸುತ್ತಾರೆ. ಕಲಿತ ಶೈಲಿ ಪ್ಯಾರಿಸ್‌ದೇ, ಟೈಲ್ಸು, ಜಮಖಾನ ಎಲ್ಲ ಅದೇ ಥರ. ಆದರೆ ಈ ಹೆಂಗಸರಿಗೆ ಮಾಡೋಕೆ ಕೆಲಸ ಇದೆ, ಯಾರಿಗೋ ಕಾಯ್ತಾ ಸುಮ್ನೆ ಒರಗಿಲ್ಲ.

ಓದುವ_ಹುಚ್ಚಿ:
ಅವನೂ ಗಂಡಸೇ ಅನ್ನೋದು ನೆನಪಿರಲಿ. ನಿಮ್ಮ ಗುಂಪಿನಲ್ಲಿ ದೆಲಕ್ರಾ ಪಕ್ಕಕ್ಕೆ ಬ್ರೌನ್ ಚಿತ್ರವನ್ನೇ ಇಡಿ, ಹಮ್ದಿ ಬೇ ಆಮೇಲೆ. ಆ ಕೆಲಸದಾಕೆಯ ಬಗ್ಗೆಯೂ ಕೇಳಿ, ಮೂವರ ಬಗ್ಗೆ ಪುಟಗಟ್ಟಲೆ ಬರೆದವರು ಅವಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.